ಒಂದು ಲೀಟರ್ ಸಮುದ್ರದ ನೀರು

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ಅದರ ದಂಡೆಯ ಮೇಲಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಐದರಿಂದ ಏಳನೆಯ ತರಗತಿಯ ಮಕ್ಕಳಲ್ಲಿ ಇಷ್ಟವಿದ್ದವರು ಒಂದು ತಾಸು ಉಳಿದುಕೊಳ್ಳುತ್ತಾರೆ. ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಏನಾದರೊಂದನ್ನು ಮಾಡಿ ನೋಡುವುದು ಆ ತಾಸಿನ ಕೆಲಸ. ದಾಸವಾಳದ ರಸಕ್ಕೆ ಲಿಂಬೆ ಹಿಂಡಿ ಕೆಂಪು ಮಾಡಿದ್ದು, ಸೋಡಾಪುಡಿ ಹಾಕಿ ಅದನ್ನೇ ಹಸಿರಿಗೆ ತಿರುಗಿಸಿದ್ದು, ಅರಿಶಿನ ಬಳಿದ ಕಾಗದಕ್ಕೆ ಅಜ್ಜಿಯ ಕವಳದ ಸುಣ್ಣ ತಾಗಿಸಿ ಕೆಂಪು ಗೆರೆ ಎಳೆದದ್ದು, ಇವೆಲ್ಲ ಒಂದೊಂದು ಶನಿವಾರಕ್ಕೆ ಮುಗಿದವು. ಉಪ್ಪಿನ ಪ್ರಯೋಗ ಮಾತ್ರ ಮುಗಿದಿಲ್ಲ. ಅದಕ್ಕೀಗ ಮೂರನೆಯ ವರ್ಷ.

ಅದು ಶುರುವಾದದ್ದು ಸಮಾಜ ವಿಜ್ಞಾನದ ಪಾಠದಿಂದ. 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲೆಯಲ್ಲಿ ಜನ ಬ್ರಿಟಿಷರ ಕಾಯಿದೆ ಮುರಿದು ಉಪ್ಪು ಮಾಡಿದ ಸಂಗತಿಯನ್ನು ಆ ವಾರ ಕೇಳಿಸಿಕೊಂಡಿದ್ದ ಆರನೆಯ ತರಗತಿಯ ಹುಡುಗನೊಬ್ಬ, "ಅಕ್ಕೋರೆ, ಒಂದು ಕೊಡ ಸಮುದ್ರದ ನೀರಿಗೆ ಎಷ್ಟು ಉಪ್ಪು ಬರ್ತದೆ?" ಎಂದು ಕೇಳಿದ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣಗಳಿರುತ್ತವೆ ಎಂಬುದು ನನಗೆ ಗೊತ್ತಿತ್ತು, ಬಾಯಿಯವರೆಗೂ ಬಂದಿತ್ತು. ಹೇಳಿಬಿಟ್ಟಿದ್ದರೆ ಹುಡುಗ ಪಟ್ಟಿಯಲ್ಲಿ ಬರೆದುಕೊಂಡು ಮನೆಗೆ ಹೋಗುತ್ತಿದ್ದ. ಹೇಳುವ ಬದಲು ಪ್ರತಿಯೊಬ್ಬರ ಅಂದಾಜನ್ನೂ ಅವರವರ ಹೆಸರಿನ ಮುಂದೆ ಹಲಗೆಯ ಮೇಲೆ ಬರೆಸಿದೆ. ಒಂದು ಚಮಚ ಎಂದವರಿದ್ದರು, ಒಂದು ಸಿದ್ದೆ ಎಂದವರಿದ್ದರು, ಅರ್ಧ ಕೊಡ ಎಂದು ಹಟ ಹಿಡಿದವಳೂ ಒಬ್ಬಳಿದ್ದಳು. ಆ ಬರಹವನ್ನು ಎರಡು ವಾರ ಯಾರೂ ಅಳಿಸದಂತೆ ನೋಡಿಕೊಂಡೆವು.

ಮೊದಲ ಸಲ ನಾನು ಅವಸರ ಮಾಡಿದೆ. ಬಾಡ ಎಂಬ ಊರಿನ ಕಡಲತೀರದಿಂದ ತಂದ ನೀರನ್ನು ಹಳೆಯ ಪಂಚೆಯಲ್ಲಿ ಸೋಸಿ, ಸರಿಯಾಗಿ ಒಂದು ಲೀಟರ್ ಅಳೆದು, ಅಡುಗೆ ಕೋಣೆಯ ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿಟ್ಟು ಕುದಿಸಿದೆ. ನೀರು ತಳ ಸೇರುವವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಉಪ್ಪು ಸಾಸಿವೆಯಂತೆ ಸಿಡಿಯತೊಡಗಿತು. ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿದ್ದರಿಂದ ಯಾರಿಗೂ ತಾಗಲಿಲ್ಲ, ನನ್ನ ಕೈಗೆ ಎರಡು ಕಡೆ ಸುಟ್ಟಿತು. ತಣಿದ ಮೇಲೆ ತೂಗಿದರೆ 29 ಗ್ರಾಂ. ಆ ಸಂಖ್ಯೆಯನ್ನು ಕಂಡಾಗ, ಇದು ತಪ್ಪು, ಪುಸ್ತಕದ ಪ್ರಕಾರ ಇಷ್ಟಿರಬೇಕು ಎಂದು ಹೇಳಿ ಮುಗಿಸುವ ಆಸೆ ನನಗೆ ಬಂದದ್ದು ನಿಜ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಒಲೆಯ ಹಿಂದಿನ ಗೋಡೆಯನ್ನು ತೋರಿಸಿ, "ಅಲ್ಲಿಗೆ ಹಾರಿದ ಉಪ್ಪು ತೂಗಲೇ ಇಲ್ಲ ಅಲ್ಲಾ ಅಕ್ಕೋರೆ?" ಎಂದಳು. ಮಸಿ ಹಿಡಿದ ಗೋಡೆಯ ತುಂಬ ಬಿಳಿ ಚುಕ್ಕೆಗಳಿದ್ದವು. ಪುಸ್ತಕದ ಸಂಖ್ಯೆಯನ್ನು ಆ ದಿನವೂ ನಾನು ಹೇಳಲಿಲ್ಲ. 29ನ್ನೇ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ "ಗೋಡೆಗೆ ಹಾರಿದ್ದು ಸೇರಿಲ್ಲ" ಎಂದು ಅವಳ ಕೈಯಿಂದಲೇ ಬರೆಸಿದೆ.

ಮುಂದಿನ ಸಲದಿಂದ ಒಲೆಯನ್ನು ಬಿಟ್ಟು ಬಿಸಿಲನ್ನು ನಂಬಿದೆವು. ಜನವರಿಯಲ್ಲಿ ಮಾಡಿದರೆ ಒಳ್ಳೆಯದು: ಆಕಾಶ ತಿಳಿಯಾಗಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ. ಸ್ಟೀಲ್ ತಟ್ಟೆಯನ್ನು ಬಳಸಬಾರದು. ಉಪ್ಪುನೀರು ನಾಲ್ಕು ದಿನ ನಿಂತರೆ ಅದರಲ್ಲೂ ತುಕ್ಕಿನ ಚುಕ್ಕೆ ಬಿದ್ದು ಉಪ್ಪಿನ ಬಣ್ಣ ಕೆಡುತ್ತದೆ, ಅಲ್ಯೂಮಿನಿಯಂ ಇನ್ನೂ ಬೇಗ ಕೆಡುತ್ತದೆ. ಅಗಲವಾದ ಪಿಂಗಾಣಿ ಅಥವಾ ಗಾಜಿನ ತಟ್ಟೆಯೇ ಬೇಕು. ಒಂದು ಲೀಟರ್ ನೀರನ್ನು ಎರಡು ಅಗಲ ತಟ್ಟೆಗಳಿಗೆ ಹಂಚಿ, ಮೇಲೆ ತೆಳುವಾದ ಬಟ್ಟೆ ಕಟ್ಟಿ, ಕಾಗೆ ಮುಟ್ಟದ ಜಾಗದಲ್ಲಿ ಇಟ್ಟೆವು. ಇನ್ನೊಂದು ಲೀಟರನ್ನು ಬಾಯಿ ಚಿಕ್ಕದಿದ್ದ ಗಾಜಿನ ಭರಣಿಯಲ್ಲಿ ಅದೇ ಬಿಸಿಲಿಗೆ ಇಟ್ಟೆವು. ತಟ್ಟೆಯ ನೀರು ನಾಲ್ಕನೆಯ ದಿನಕ್ಕೆ ಆರಿತು. ಭರಣಿಯ ನೀರು ಎರಡು ವಾರವಾದರೂ ಮುಕ್ಕಾಲು ಪಾಲು ಹಾಗೆಯೇ ಇತ್ತು. ನೀರು ಆವಿಯಾಗುವುದು ಮೇಲ್ಮೈಯಿಂದ ಎಂಬ ಮಾತನ್ನು ನಾನು ಹತ್ತಾರು ಸಲ ಪಾಠದಲ್ಲಿ ಹೇಳಿದ್ದೆ. ಆ ಭರಣಿಯನ್ನು ದಿನಾ ಬಗ್ಗಿ ನೋಡುತ್ತಿದ್ದ ಮಕ್ಕಳಿಗೆ ಅದನ್ನು ಮತ್ತೆ ಹೇಳುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ದಿನದ ತಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೀರು ತೀರ ಕಡಿಮೆಯಾಗಿ ಎಣ್ಣೆಯಂತೆ ದಪ್ಪವಾಗಿ ಕಾಣುವಾಗ ಅದರ ಮೇಲ್ಮೈಯಲ್ಲಿ ಸಣ್ಣ ಸಣ್ಣ ಚೌಕಗಳು ತೇಲಲು ಶುರುವಾಗುತ್ತವೆ. ಉಸಿರು ತಾಗಿದರೂ ಅವು ಅಲುಗಿ ಮುಳುಗುತ್ತವೆ. ಮಸೂರದಲ್ಲಿ ನೋಡಿದರೆ ಒಂದೊಂದು ಚೌಕವೂ ನಡುವೆ ತಗ್ಗಾಗಿ, ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಸರದಿಯಲ್ಲಿ ಮಸೂರ ಹಿಡಿದ ಐದನೆಯ ತರಗತಿಯವನೊಬ್ಬ, "ಗೋಕರ್ಣದ ಕೋಟಿತೀರ್ಥ ಇದ್ದಂಗೆ ಇದೆ!" ಎಂದು ಕೂಗಿದ. ನಾನು ಅದಕ್ಕಿಂತ ಚೆನ್ನಾಗಿ ವಿವರಿಸಲಾರೆ. ಮೇಲೆ ತೇಲುವ ಹರಳು ತನ್ನ ಭಾರಕ್ಕೆ ಕೂದಲೆಳೆಯಷ್ಟು ಇಳಿದಾಗ ನೀರಿನ ಮಟ್ಟದಲ್ಲಿ ಅದರ ಅಂಚಿಗೆ ಇನ್ನೊಂದು ಸುತ್ತು ಉಪ್ಪು ಕಟ್ಟುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಕಟ್ಟುತ್ತದೆ. ಮೆಟ್ಟಿಲುಗಳು ಆಗುವುದು ಹಾಗೆ. ಎಲ್ಲ ಹರಳುಗಳೂ ಚೌಕವೇ ಏಕೆ ಎಂದಾಗ, ಸೋಡಿಯಂ ಮತ್ತು ಕ್ಲೋರಿನ್ ಕಣಗಳು ಒಂದರ ಪಕ್ಕ ಒಂದು ಮೂಲೆಮಟ್ಟದಲ್ಲಿ ಜೋಡಿಸಿಕೊಳ್ಳುವುದನ್ನು ಗುಲಗಂಜಿ ಮತ್ತು ಹೆಸರುಕಾಳು ಇಟ್ಟು ತೋರಿಸಿದೆ. ಗುಲಗಂಜಿ ವಿಷ, ಅದನ್ನು ನಾನೇ ಜೋಡಿಸಿ ನಾನೇ ಎತ್ತಿಟ್ಟೆ. ಈಗ ಅದರ ಬದಲು ಕಡಲೆಕಾಳನ್ನು ಬಳಸುತ್ತೇನೆ.

ತೂಕದ ದಿನ ಇನ್ನೊಂದು ತೊಡಕು ಬಂತು. ಆರಿದಂತೆ ಕಂಡ ಉಪ್ಪು 41 ಗ್ರಾಂ ತೂಗಿತು. ಈ ಸಲ ಜಾಸ್ತಿ! ಬೆರಳಿನಲ್ಲಿ ಮುಟ್ಟಿ ನೋಡಿದ ಹುಡುಗಿ, "ಇನ್ನೂ ಹಸಿ ಇದೆ" ಎಂದಳು. ಕಾವಲಿಯ ಮೇಲೆ ಮರಳು ಹರಡಿ, ಅದರ ಮೇಲೆ ಪಿಂಗಾಣಿ ಬಟ್ಟಲಿಟ್ಟು, ತೀರ ಸಣ್ಣ ಉರಿಯಲ್ಲಿ ನಾನೇ ನಿಂತು ಒಣಗಿಸಿದೆ; ಮರಳಿದ್ದರೆ ಬಿಸಿ ನಿಧಾನವಾಗಿ ಏರುತ್ತದೆ, ಸಿಡಿಯುವುದಿಲ್ಲ. ಮತ್ತೆ ತೂಗಿದಾಗ 37 ಬಂತು. ಬೇರೆ ಎರಡು ಗುಂಪಿನವರಿಗೆ 36 ಮತ್ತು 38. ಒಂದು ಲೀಟರ್ ಸಮುದ್ರದ ನೀರು ಒಂದು ಕಿಲೋಗಿಂತ ಸುಮಾರು 25 ಗ್ರಾಂ ಭಾರವಾಗಿರುವುದರಿಂದ ಪುಸ್ತಕದ ಲೆಕ್ಕಕ್ಕೂ 36ರ ಹತ್ತಿರವೇ ಬರಬೇಕು. ಆಗ ಮಾತ್ರ ಪುಸ್ತಕ ತೆರೆದು ಓದಿಸಿದೆ. ಕೊಡದ ಪ್ರಶ್ನೆ ಕೇಳಿದ್ದ ಹುಡುಗ ತನ್ನ ಮನೆಯ ಕೊಡವನ್ನು ಅಳೆದು ಬಂದಿದ್ದ, ಹದಿನೈದು ಲೀಟರ್. ಅರ್ಧ ಕಿಲೋಗಿಂತ ತುಸು ಹೆಚ್ಚು ಉಪ್ಪು. ಒಂದು ಕಿಲೋ ಉಪ್ಪಿಗೆ ಎರಡು ಕೊಡ ಹೊತ್ತು ಸೌದೆ ಉರಿಸಬೇಕು ಎಂಬ ಲೆಕ್ಕವನ್ನು ಅವನೇ ಮಾಡಿ, ಅಂಕೋಲೆಯಲ್ಲಿ ಅಷ್ಟು ಜನ ಯಾಕೆ ಸೇರಿದ್ದರು ಎಂದು ಈಗ ಗೊತ್ತಾಯಿತು ಎಂದ. ಅವರು ಸೇರಿದ್ದಕ್ಕೆ ಬೇರೆ ಕಾರಣವಿತ್ತು, ಅದನ್ನೂ ಮಾತಾಡಿಕೊಂಡೆವು.

ಆ ಮಾರ್ಚ್‌ನಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆ. ಉಬ್ಬರದ ಹೊತ್ತಿಗೆ ಒಳಗೆ ಬಿಟ್ಟುಕೊಂಡ ನೀರನ್ನು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹಾಯಿಸುತ್ತ, ಕೊನೆಯ ಪಾತಿಗಳಲ್ಲಿ ಮಾತ್ರ ಉಪ್ಪು ಎಳೆಯುವುದನ್ನು ಅವರು ಕಂಡರು. ಮೊದಲ ಪಾತಿಯಲ್ಲೇ ಯಾಕೆ ಉಪ್ಪು ಬರುವುದಿಲ್ಲ ಎಂದು ಕೇಳಿದ್ದಕ್ಕೆ ಅಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು, "ನೀರು ದಪ್ಪ ಆಗದೆ ಉಪ್ಪು ಕೂರೂದಿಲ್ಲ ಮಗಾ" ಎಂದರು. ಎಷ್ಟು ದಪ್ಪ ಎಂಬುದನ್ನು ಶಾಲೆಗೆ ಬಂದು ಕಂಡುಕೊಂಡೆವು. 100 ಮಿಲಿಲೀಟರ್ ಸಿಹಿನೀರಿಗೆ ಚಮಚ ಚಮಚವಾಗಿ ತೂಗಿ ಉಪ್ಪು ಹಾಕುತ್ತ ಕಲಕಿದರೆ ಸುಮಾರು 36 ಗ್ರಾಂ ಆದ ಮೇಲೆ ಮುಂದಿನದು ಕರಗದೆ ತಳದಲ್ಲಿ ಉಳಿಯುತ್ತದೆ. ಹಲಗೆಯ ಮೇಲೆ ಆಗಲೇ ಒಂದು 36 ಇತ್ತು, ಅದು ಒಂದು ಲೀಟರಿನದು. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನಾನು ಸುಮ್ಮನೆ ನಿಂತೆ. ಮೊದಲು ಪಿಸುಮಾತು ಶುರುವಾಯಿತು, ಆಮೇಲೆ ಹಿಂದಿನ ಸಾಲಿನಿಂದ ಉತ್ತರ ಬಂತು: ಸಾವಿರ ಮಿಲಿಲೀಟರ್ ನೂರಕ್ಕೆ ಇಳಿಯಬೇಕು, ಹತ್ತರಲ್ಲಿ ಒಂಬತ್ತು ಪಾಲು ನೀರು ಹೋಗಬೇಕು, ಅಲ್ಲಿಯವರೆಗೆ ಉಪ್ಪು ಕಾಣುವುದೇ ಇಲ್ಲ. ಆಗರದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಅದಕ್ಕೂ ಮೊದಲು ಸುಣ್ಣದ ಅಂಶ ಮತ್ತು ಜಿಪ್ಸಂ ತೆಳುವಾಗಿ ತಳಕಟ್ಟುತ್ತವೆ, ಉಪ್ಪು ಎಳೆದ ಮೇಲೆ ಕಹಿಯಾದ ನೀರು ಉಳಿಯುತ್ತದೆ. ಆ ಕಹಿ ಮೆಗ್ನೀಸಿಯಂ ಲವಣಗಳದು.

ಈ ಕಹಿ ನೀರೇ ಮಳೆಗಾಲದಲ್ಲಿ ನಮ್ಮ ಅಡುಗೆಮನೆಗೆ ಬಂತು. ಜೂನ್ ಆದ ಮೇಲೆ ಕರಾವಳಿಯ ಪ್ರತಿ ಮನೆಯಲ್ಲೂ ಹರಳುಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಸೂರಿನಿಂದ ನೀರು ಬಿದ್ದಿಲ್ಲ, ಮುಚ್ಚಳವೂ ಇದೆ, ಹಾಗಾದರೆ ನೀರು ಎಲ್ಲಿಂದ ಬಂತು? ಇದನ್ನು ಕೇಳಿದ್ದು ಒಬ್ಬ ಹುಡುಗಿಯ ತಾಯಿ, ಮಗಳ ಮೂಲಕ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಶುದ್ಧವಾದ ಅಡುಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33 ಸಾಕು. ಆದ್ದರಿಂದ ಕಹಿ ಉಳಿದಿರುವ ಉಪ್ಪು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ, ನಮ್ಮ 41 ಗ್ರಾಮಿನ ಗುಟ್ಟೂ ಅದೇ. ಡಿಸೆಂಬರಿನ ಒಂದು ಮಧ್ಯಾಹ್ನ ಪ್ಯಾಕೆಟ್ ಉಪ್ಪನ್ನೂ ನಾವೇ ಮಾಡಿದ ಉಪ್ಪನ್ನೂ ಎರಡು ಬಟ್ಟಲುಗಳಲ್ಲಿ ಕಿಟಕಿಯಲ್ಲಿಟ್ಟು ಸಂಜೆ ತೂಗಿದೆವು. ಪ್ಯಾಕೆಟಿನದು ಇದ್ದಷ್ಟೇ ಇತ್ತು, ನಮ್ಮದು ಭಾರವಾಗಿತ್ತು. ಮಿಡಿ ಉಪ್ಪಿನಕಾಯಿಗೆ ಹೊಸ ಉಪ್ಪು ಬೇಡ, ವರ್ಷ ಕಳೆದ ಉಪ್ಪೇ ಬೇಕು ಎಂದು ತನ್ನ ಅಜ್ಜಿ ಹೇಳುವುದನ್ನು ಆಗ ಒಬ್ಬ ಹುಡುಗಿ ನೆನಪಿಸಿದಳು. ರಾಶಿ ಹಾಕಿಟ್ಟ ಉಪ್ಪಿನಿಂದ ಒಂದು ಮಳೆಗಾಲದಲ್ಲಿ ಈ ಕಹಿ ನೀರು ಬಹುಪಾಲು ಸೋರಿ ಹೋಗುತ್ತದೆ. ಆ ಅಜ್ಜಿಯನ್ನು ಮುಂದಿನ ಶನಿವಾರ ಶಾಲೆಗೆ ಕರೆಸಿದೆವು, ಅವರು ಮಿಡಿಗೆ ಉಪ್ಪು ಹಾಕುವ ಕ್ರಮವನ್ನು ಒಂದು ತಾಸು ಹೇಳಿದರು. ನನ್ನ ಪಾಠಗಳಲ್ಲಿ ಮಕ್ಕಳು ಅಷ್ಟು ಹೊತ್ತು ಅಲುಗದೆ ಕೂತದ್ದು ಕಡಿಮೆ.

ಎರಡನೆಯ ವರ್ಷ ನೀರನ್ನು ಸಮುದ್ರದಿಂದ ತರದೆ ಶಾಲೆಯ ಹಿಂದಿನ ಹೊಳೆಯ ಧಕ್ಕೆಯಿಂದಲೇ ಎತ್ತಿದೆವು, ಎರಡು ತಿಂಗಳಿಗೊಮ್ಮೆ, ಪ್ರತಿ ಸಲವೂ ಉಬ್ಬರದ ನೆತ್ತಿಯಲ್ಲಿ. ಹೊತ್ತು ತಪ್ಪಿದರೆ ಲೆಕ್ಕ ತಪ್ಪುತ್ತದೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಯಾವ ದಿನ ಎಷ್ಟು ಗಂಟೆಗೆ ಹೋಗಬೇಕೆಂಬುದನ್ನು ಮೀನುಗಾರರ ಮನೆಯ ಮಕ್ಕಳೇ ತಿಥಿ ನೋಡಿ ಹೇಳುತ್ತಿದ್ದರು. ಜನವರಿಯಲ್ಲಿ ಲೀಟರಿಗೆ 31 ಗ್ರಾಂ ಸಿಕ್ಕಿತು, ಮಾರ್ಚ್‌ನಲ್ಲಿ 34. ಮೇ ಕೊನೆಯಲ್ಲಿ 35. ಜುಲೈಯಲ್ಲಿ ಮರಳಿನ ಕಾವಲಿಯ ಮೇಲೆ ಇಡೀ ಮಧ್ಯಾಹ್ನ ಒಣಗಿಸಿದ ಬಟ್ಟಲಿನಲ್ಲಿ ಉಳಿದದ್ದು ಒಂದು ಕಂದು ಕಲೆ. ನಮ್ಮ ತಕ್ಕಡಿ ಸೊನ್ನೆಯನ್ನೇ ತೋರಿಸಿತು. ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಇಳಿದು ಬರುವ ಹೊಳೆ ಮಳೆಗಾಲದಲ್ಲಿ ಸಮುದ್ರವನ್ನೇ ಹಿಂದಕ್ಕೆ ನೂಕುತ್ತದೆ. ಸೊನ್ನೆಯನ್ನು ಕಂಡ ಮಕ್ಕಳು ಮೊದಲು ತಕ್ಕಡಿ ಕೆಟ್ಟಿದೆ ಎಂದರು. ಒಂದು ರೂಪಾಯಿಯ ನಾಣ್ಯವನ್ನು ಇಟ್ಟು ತೂಗಿ, ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಆ ಸೊನ್ನೆಯನ್ನು ಒಪ್ಪಿದರು. ಆ ನಾಣ್ಯದ ಉಪಾಯ ನಾನು ಹೇಳಿಕೊಟ್ಟದ್ದಲ್ಲ, ಅದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಮಾಡಿ ನೋಡುವವರಿಗೆ ಒಂದು ಮಾತು. ಹೊಳೆಯ ನೀರಿನಿಂದ ಬಂದ ಉಪ್ಪನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು, ಧಕ್ಕೆಯಿಂದ ನೀರೆತ್ತುವಾಗ ದೊಡ್ಡವರು ಜೊತೆಗಿರಲೇಬೇಕು.

ಈ ವರ್ಷದ ಪ್ರಶ್ನೆ ಗಜನಿ ಗದ್ದೆ, ಎಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ, ಇರುವ ಮನೆಯ ಹುಡುಗನದು. ಕಳೆದ ತಿಂಗಳು ನಾವು ನಾಲ್ಕು ಬಟ್ಟಲುಗಳಲ್ಲಿ ಹೆಸರುಕಾಳು ನೆನೆಸಿದ್ದೆವು: ಒಂದರಲ್ಲಿ ಬಾವಿಯ ನೀರು, ಒಂದರಲ್ಲಿ ಕಾಲು ಪಾಲು ಸಮುದ್ರದ ನೀರು, ಒಂದರಲ್ಲಿ ಅರ್ಧ, ಕೊನೆಯದರಲ್ಲಿ ಪೂರ್ತಿ ಸಮುದ್ರದ ನೀರು. ಬಾವಿಯ ನೀರಿನ ಕಾಳು ಮರುದಿನವೇ ಮೊಳಕೆ ಒಡೆದವು, ಸಮುದ್ರದ ನೀರಿನವು ಒಡೆಯಲೇ ಇಲ್ಲ; ಉಪ್ಪು ಹೊರಗೆ ಹೆಚ್ಚಿದ್ದರೆ ಕಾಳು ನೀರನ್ನು ಒಳಗೆ ಎಳೆದುಕೊಳ್ಳಲಾರದು. ಅದನ್ನು ನೋಡಿದ ಆ ಹುಡುಗ, ಉಪ್ಪುನೀರು ನುಗ್ಗುವ ತಮ್ಮ ಗದ್ದೆಯಲ್ಲಿ ಕಗ್ಗ ಭತ್ತ ಹೇಗೆ ಬೆಳೆಯುತ್ತದೆ ಎಂದು ಕೇಳಿದ. ಮಳೆ ಬಂದು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಬಿತ್ತುವುದರಿಂದ ಇರಬಹುದು, ಭತ್ತವೇ ಗಟ್ಟಿ ಇರಬಹುದು, ಎರಡೂ ಇರಬಹುದು ಎಂದು ತರಗತಿ ಮೂರು ಗುಂಪಾಯಿತು. ನಿನ್ನೆ ಅವನು ಮನೆಯಿಂದ ಒಂದು ಮುಷ್ಟಿ ಕಗ್ಗವನ್ನು ಕಾಗದದ ಪೊಟ್ಟಣದಲ್ಲಿ ತಂದ. ಇನ್ನೊಬ್ಬಳು ತಮ್ಮ ಮನೆಯ ಮೇಲ್ಗದ್ದೆಯ ಬೀಜಭತ್ತವನ್ನು ತಂದಳು. ಎಂಟು ಬಟ್ಟಲುಗಳು, ಒಂದೊಂದರಲ್ಲೂ ಎಣಿಸಿ ಹಾಕಿದ ಇಪ್ಪತ್ತು ಕಾಳು, ಮೂರು ಗುಂಪಿನವರ ಅಂದಾಜು ಹಲಗೆಯ ಮೇಲೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಬಂದು ಎಣಿಸುವುದಾಗಿ ಅವರೇ ಗೊತ್ತು ಮಾಡಿಕೊಂಡಿದ್ದಾರೆ.