ಮಾಡಿಸಿದ ಮಡಚು ಚಾಕು: ಬಾಕಿ ಹಣ ಕೊಡುವ ಮುಂಚೆ ನೋಡಬೇಕಾದ್ದು

ಕೈಯಿಂದ ಮಾಡಿದ ಮಡಚು ಚಾಕು ಕೈಗೆ ಬಂದ ತಕ್ಷಣ ಕಣ್ಣು ಹೋಗುವುದು ಹಿಡಿಯ ಮೇಲೆ. ಬೀಟೆ ಮರದ ಎಳೆ, ಹಿತ್ತಾಳೆ ಮೊಳೆಗಳ ಹೊಳಪು, ಅಲಗಿನ ಮೇಲಿನ ಅಲೆಗಳು. ಇವನ್ನೆಲ್ಲ ಕೊನೆಗೆ ನೋಡಿ. ಹಿಡಿ ಸರಿಯಿಲ್ಲದಿದ್ದರೆ ಬೇರೆ ಹಾಕಿಸಬಹುದು. ಕೀಲು ಸರಿಯಿಲ್ಲದಿದ್ದರೆ, ಉಕ್ಕನ್ನು ಕಾಯಿಸಿ ಗಡಸು ಮಾಡುವ ಹದ ತಪ್ಪಿದ್ದರೆ, ಆ ಚಾಕುವನ್ನು ಮೊದಲಿನಿಂದಲೇ ಮಾಡಬೇಕು.

ಮಂಡ್ಯ, ಮೈಸೂರು ಕಡೆಯ ಕುಲುಮೆಗಳಲ್ಲಿ ಮಚ್ಚು, ಕುಡುಗೋಲು ಚೆನ್ನಾಗಿ ಬಡಿಯುವ ಕೈಗಳಿವೆ. ಆದರೆ ಮಡಚು ಚಾಕು ಬೇರೆಯದೇ ಕಸುಬು. ಮಚ್ಚಿನಲ್ಲಿ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಯಾರೂ ಕೇಳುವುದಿಲ್ಲ, ಕಬ್ಬು ಕಡಿದರೆ ಸರಿ. ಮಡಚು ಚಾಕುವಿನಲ್ಲಿ 0.1 ಮಿಲಿಮೀಟರ್ ತಪ್ಪು ಕೂಡ ಬೆರಳಿಗೆ ಗೊತ್ತಾಗುತ್ತದೆ. ಪರೀಕ್ಷೆಗೆ ಬೇಕಾಗುವ ಸಾಮಾನು ಕಡಿಮೆ: ಬೆಳಗಿನ ಬೆಳಕು ಬೀಳುವ ಕಿಟಕಿ, ಟಾರ್ಚು, 10 ಪಟ್ಟಿನ ಭೂತಗನ್ನಡಿ, ಡಿಜಿಟಲ್ ವರ್ನಿಯರ್ ಕ್ಯಾಲಿಪರ್, 6 ಮಿಲಿಮೀಟರ್ ದಪ್ಪದ ಹಿತ್ತಾಳೆ ಕಡ್ಡಿ, ಜೆರಾಕ್ಸ್ ಕಾಗದದ ಒಂದು ಹಾಳೆ. 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಸಂದು ಅಳೆಯಲು ಅದೇ ಸಾಕು.

ಮೊದಲು ಚಾಕು ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಅಲಗು ತೆರೆದಾಗ ಬೆನ್ನಿನಲ್ಲಿರುವ ಸ್ಪ್ರಿಂಗ್ ಒತ್ತಡದಿಂದ ಮಾತ್ರ ನಿಂತಿದ್ದರೆ ಅದು ಸ್ಲಿಪ್ ಜಾಯಿಂಟ್. ತಾತಂದಿರ ಜೇಬಿನಲ್ಲಿ ಇರುತ್ತಿದ್ದ ಬಗೆ ಇದು. ಬೆನ್ನನ್ನು ಒತ್ತಿದರೆ ಮಡಚಿಕೊಳ್ಳುತ್ತದೆ, ಅದು ದೋಷವಲ್ಲ. ಹಿಡಿಯೊಳಗಿನ ತಗಡೇ ಅಡ್ಡ ಬಂದು ಅಲಗಿನ ಬುಡಕ್ಕೆ ಕೂತರೆ ಅದು ಲೈನರ್ ಲಾಕ್. ಎರಡರ ಪರೀಕ್ಷೆಯೂ ಮುಕ್ಕಾಲು ಭಾಗ ಒಂದೇ.

ಮಡಚಿದ ಸ್ಥಿತಿಯಿಂದ ಶುರುಮಾಡಿ. ಚಾಕುವನ್ನು ತಲೆಕೆಳಗು ಹಿಡಿದು ಅಲಗು ಕೂರುವ ಸಂದನ್ನು ಮೇಲಿನಿಂದ ನೋಡಿ. ಅಲಗು ಎರಡೂ ಗೋಡೆಗಳ ನಡುವೆ ಸರಿಯಾಗಿ ನಿಂತಿರಬೇಕು. ಕಾಗದದ ಒಂದು ಚೂರನ್ನು ಎರಡೂ ಬದಿ ಮೊನೆಯ ಹತ್ತಿರ ಇಳಿಸಿ, ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಒಂದು ಬದಿಗೆ ಒರಗಿದ್ದರೆ ಕಾರಣ ಮೂರು: ಕೀಲಿನ ವಾಷರ್ ದಪ್ಪದಲ್ಲಿ ವ್ಯತ್ಯಾಸ, ಕೀಲಿನ ತೂತು ನೇರವಿಲ್ಲದಿರುವುದು, ಇಲ್ಲವೇ ಹದ ಕೊಡುವಾಗ ಅಲಗೇ ಸೊಟ್ಟಗಾಗಿರುವುದು. ಮೊದಲನೆಯದು ಹತ್ತು ನಿಮಿಷದ ಕೆಲಸ. ಉಳಿದೆರಡಕ್ಕೆ ವಾಪಸ್ ಕೊಡಬೇಕು. ಮೊನೆ ಹಿಡಿಯ ಅಂಚಿಗಿಂತ ಕೆಳಗೆ ಇಳಿದಿರಬೇಕು. ಬೆರಳು ಸವರಿ ನೋಡಬೇಡಿ, ಹಳೆಯ ಹತ್ತಿ ಬಟ್ಟೆ ಎಳೆದು ನೋಡಿ. ದಾರ ಸಿಕ್ಕಿದರೆ ನಾಳೆ ಜೇಬೂ ಹರಿಯುತ್ತದೆ.

ಸ್ಲಿಪ್ ಜಾಯಿಂಟ್‌ನಲ್ಲಿ ಇನ್ನೊಂದು ದೋಷ ಅಡಗಿ ಕೂತಿರುತ್ತದೆ. ಪಟ್ಟನೆ ಮಡಚಿದಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗ್‌ಗೆ ಬಡಿಯಬಹುದು. ಹೊರಗೆ ಏನೂ ಕಾಣುವುದಿಲ್ಲ, ಆದರೆ ಎಷ್ಟು ಸಾಣೆ ಹಿಡಿದರೂ ಒಂದೇ ಜಾಗದಲ್ಲಿ ಮೊಂಡಾಗುತ್ತಿರುತ್ತದೆ. ಪತ್ತೆ ಮಾಡಲು ಚಪಾತಿ ಹಿಟ್ಟು ಸಾಕು. ಗಟ್ಟಿಯಾಗಿ ನಾದಿದ ಹಿಟ್ಟನ್ನು ನೂಲಿನಂತೆ ಹೊಸೆದು ಸಂದಿನ ತಳದಲ್ಲಿ ಉದ್ದಕ್ಕೆ ಇಡಿ, ಚಾಕು ಮಡಚಿ, ಬಿಚ್ಚಿ. ಅಲಗು ಒತ್ತಿದ ಗುರುತಿನ ಕೆಳಗೆ ಎಲ್ಲ ಕಡೆ ಕನಿಷ್ಠ ಅರ್ಧ ಮಿಲಿಮೀಟರ್ ಹಿಟ್ಟು ಉಳಿದಿರಬೇಕು. ಎಲ್ಲಾದರೂ ಹಿಟ್ಟು ಎರಡು ತುಂಡಾಗಿದ್ದರೆ ಬಾಯಿ ಅಲ್ಲಿ ತಾಗುತ್ತಿದೆ ಎಂದೇ ಅರ್ಥ. ಹೊಸದರಲ್ಲೇ ಜಾಗ ಇಲ್ಲದಿದ್ದರೆ ಸವೆದಂತೆಲ್ಲ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ಮಡಚಿದಾಗ ಸ್ಪ್ರಿಂಗ್ ಮೇಲೆ ಕೂತು ಗುದ್ದು ತಿನ್ನುವ ಅಲಗಿನ ಬುಡದ ಭಾಗವೂ ಸವೆಯುತ್ತದೆ. ಪರೀಕ್ಷೆ ಆದ ಮೇಲೆ ಹಿಟ್ಟನ್ನು ಹಲ್ಲುಕಡ್ಡಿಯಿಂದ ಪೂರ್ತಿ ತೆಗೆಯಿರಿ, ತೇವ ಉಳಿದರೆ ತುಕ್ಕು.

ಈಗ ತೆರೆಯಿರಿ, ನಿಧಾನಕ್ಕೆ. ಉಗುರು ಹಾಕುವ ಗೀರು ಉಗುರಿಗೆ ಹಿಡಿತ ಕೊಡಬೇಕು. ಕೈ ಒದ್ದೆಯಿದ್ದಾಗಲೂ ತೆರೆಯಲು ಬರಬೇಕು. ಉಗುರು ಕಿತ್ತು ಬರುವಷ್ಟು ಬಿಗಿಯಾದ ಸ್ಪ್ರಿಂಗ್ ಗಟ್ಟಿತನದ ಲಕ್ಷಣವಲ್ಲ, ಮಾಡಿದವರು ಲೆಕ್ಕ ಹಾಕಿಲ್ಲ ಎಂಬುದರ ಲಕ್ಷಣ. ಚಲನೆ ಉದ್ದಕ್ಕೂ ಒಂದೇ ಸಮ ಇರಬೇಕು. ಮರಳು ಸಿಕ್ಕಿದಂತೆ ಗರಗರ ಎಂದರೆ ಪಾಲಿಶ್ ಮಾಡುವಾಗಿನ ಪುಡಿ ಕೀಲಿನಲ್ಲಿ ಉಳಿದಿದೆ. ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದು ಒಣಗಿಸಿ ಎಣ್ಣೆ ಬಿಟ್ಟರೆ ಹೋಗಬೇಕು. ತೊಳೆದ ಮೇಲೂ ಗರಗರ ಉಳಿದರೆ ಸ್ಪ್ರಿಂಗ್ ಮತ್ತು ಅಲಗಿನ ಬುಡ ಒಂದನ್ನೊಂದು ಕೆರೆಯುತ್ತಿವೆ. ಸ್ಪ್ರಿಂಗ್ ಅಲಗಿಗಿಂತ ಮೆದುವಿರಬೇಕು, ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 45ರಿಂದ 50. ಎರಡನ್ನೂ ಒಂದೇ ಹದಕ್ಕೆ ತಂದವರ ಚಾಕುಗಳಲ್ಲಿ ಈ ಕೆರೆತ ಬರುತ್ತದೆ.

ಪೂರ್ತಿ ತೆರೆದ ಮೇಲೆ ಅಲ್ಲಾಟ ನೋಡುವುದು. ಎಡಗೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದು, ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಅಲಗಿನ ಎರಡು ಬದಿಯನ್ನು ನಡುವಿನಲ್ಲಿ ಹಿಡಿದು ಎಡಬಲಕ್ಕೆ ಒತ್ತಿ. ತೆಳು ಅಲಗು ಸ್ವಲ್ಪ ಬಾಗುವುದು ಸಹಜ, ಅದನ್ನೇ ಅಲ್ಲಾಟ ಎಂದುಕೊಳ್ಳಬೇಡಿ. ಅಲಗೂ ಹಿಡಿಯ ಲೋಹವೂ ಸೇರುವ ಗೆರೆಯ ಮೇಲೆ ಎಡಗೈ ಹೆಬ್ಬೆರಳಿನ ಉಗುರಿಡಿ. ಕೀಲು ಸಡಿಲವಿದ್ದರೆ ‘ಟಿಕ್’ ಎನ್ನುವುದು ಕಿವಿಗಿಂತ ಮೊದಲು ಉಗುರಿಗೆ ತಿಳಿಯುತ್ತದೆ. ಎಡಬಲ ಅಲ್ಲಾಟ ಸ್ಕ್ರೂ ಇರುವ ಕೀಲಿನಲ್ಲಿ ಕಾಲು ಸುತ್ತು ಬಿಗಿದರೆ ಹೋಗುತ್ತದೆ. ರಿವಿಟ್ ಹೊಡೆದ ಕೀಲಾದರೆ ಮಾಡಿದವರೇ ಮತ್ತೆ ಬಡಿಯಬೇಕು. ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಸ್ಕ್ರೂ ಬಿಗಿದು ಪ್ರಯೋಜನವಿಲ್ಲ. ತೂತು ಪಿನ್ನಿಗಿಂತ ದೊಡ್ಡದಾಗಿದೆ, ಇಲ್ಲವೇ ಲಾಕ್ ಕೂರುವ ಮುಖದ ಕೋನ ತಪ್ಪಿದೆ. ಅಂಥದ್ದನ್ನು ಹಾಗೇ ತೆಗೆದುಕೊಳ್ಳಬೇಡಿ.

ಸ್ಲಿಪ್ ಜಾಯಿಂಟ್‌ನ ಬೆನ್ನಿನ ಮೇಲೆ ಉಗುರನ್ನು ಹಿಡಿಯಿಂದ ಅಲಗಿನವರೆಗೆ ಎಳೆಯಿರಿ. ಸ್ಪ್ರಿಂಗ್ ಎಲ್ಲಿಯೂ ಎದ್ದಿರಬಾರದು, ತಗ್ಗಿರಬಾರದು. ತೆರೆದಾಗ, ಮಡಚಿದಾಗ ಎರಡರಲ್ಲೂ ಸಮ ಇದ್ದರೆ ಒಳ್ಳೆಯ ಕೆಲಸ. ಅರ್ಧಕ್ಕೆ ‘ಟಕ್’ ಎಂದು ನಿಲ್ಲುವ ಚಾಕುವಾದರೆ ಆ ಸ್ಥಿತಿಯಲ್ಲೂ ಸಮ ಇರುವುದು ನುರಿತ ಕೈಯ ಗುರುತು. ಬೆನ್ನಿನ ಹಿಂದೆ ಟಾರ್ಚು ಹಿಡಿದು ಸ್ಪ್ರಿಂಗ್ ಮತ್ತು ತಗಡಿನ ನಡುವೆ ಬೆಳಕು ತೂರುತ್ತದೆಯೇ ನೋಡಿ. ಕಾಗದ ಹೋಗದಷ್ಟು ಸಂದಿದ್ದರೆ ಒಪ್ಪಬಹುದು.

ಲೈನರ್ ಲಾಕ್ ಆದರೆ ತಗಡು ಅಲಗಿನ ಬುಡದ ಅಗಲದಲ್ಲಿ ಎಷ್ಟು ದೂರ ಬಂದು ಕೂತಿದೆ ಎಂದು ನೋಡಬೇಕು. ಹೊಸ ಚಾಕುವಿನಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಸರಿ. ಅದಕ್ಕೂ ಕಡಿಮೆಯಾದರೆ ಜಾರುವ ಭಯ, ಈಗಲೇ ಮುಕ್ಕಾಲು ದಾಟಿದ್ದರೆ ಸವೆಯಲು ಜಾಗವೇ ಉಳಿದಿಲ್ಲ. ಜೋರಾಗಿ ಹತ್ತು ಸಲ, ಮೆಲ್ಲಗೆ ಹತ್ತು ಸಲ ತೆರೆದು ಪ್ರತಿ ಸಲವೂ ಒಂದೇ ಜಾಗಕ್ಕೆ ಬರುತ್ತದೆಯೇ ಗಮನಿಸಿ. ಆಮೇಲೆ ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಪೂರ್ತಿ ಆಚೆ ಇಟ್ಟುಕೊಂಡು, ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ. ಲಾಕ್ ಕದಲಬಾರದು. ಮೇಜಿಗೆ ಬೆನ್ನನ್ನು ಬಡಿದು ನೋಡುವ ಅಭ್ಯಾಸ ಬೇಡ. ಒಳ್ಳೆಯ ಲಾಕ್ ಕೂಡ ಆ ಪೆಟ್ಟಿಗೆ ಕೆಡುತ್ತದೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಇನ್ನು ಅಲಗು. ಮೊನೆಯನ್ನು ಕಿಟಕಿಯ ಕಡೆ ಮಾಡಿ, ಬಂದೂಕಿನ ಗುರಿ ಹಿಡಿದಂತೆ ಒಂದು ಕಣ್ಣಿನಲ್ಲಿ ಬಾಯಿಯ ಉದ್ದಕ್ಕೂ ನೋಡಿ, ಸೊಟ್ಟವಿದ್ದರೆ ಕಾಣುತ್ತದೆ. ಎರಡು ಬದಿಯ ಸಾಣೆ ಒಂದೇ ಎತ್ತರದಲ್ಲಿ, ಬುಡದಲ್ಲಿ ಒಂದೇ ಗೆರೆಯಲ್ಲಿ ನಿಂತಿರಬೇಕು. ಜೇಬಿನ ಚಾಕುವಿಗೆ ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್ ಸಾಕು. ಅದಕ್ಕಿಂತ ಮುಖ್ಯ ಹರಿತದ ಗೆರೆಯ ಹಿಂದಿನ ದಪ್ಪ, ಅಂದರೆ ಬಾಯಿಯ ಸಾಣೆ ಶುರುವಾಗುವಲ್ಲಿನ ದಪ್ಪ. ಕ್ಯಾಲಿಪರ್‌ನಲ್ಲಿ ಬುಡ, ನಡು, ಮೊನೆ ಮೂರು ಕಡೆ ಅಳೆಯಿರಿ. 0.3ರಿಂದ 0.5 ಮಿಲಿಮೀಟರ್ ಇದ್ದರೆ ಚೆನ್ನಾಗಿ ಕೊಯ್ಯುತ್ತದೆ. 0.8 ದಾಟಿದರೆ ಮಾವಿನಕಾಯಿಯನ್ನು ಹೋಳು ಮಾಡುವುದಿಲ್ಲ, ಸೀಳುತ್ತದೆ. ಹರಿತದ ಕೋನ ಪ್ರತಿ ಬದಿಗೆ 17ರಿಂದ 20 ಡಿಗ್ರಿ.

ಯಾವ ಉಕ್ಕು, ಎಷ್ಟು ಹದ ಎಂದು ಮಾಡಿದವರನ್ನು ಬಾಯಿಬಿಟ್ಟು ಕೇಳಿ. ಲಾರಿಯ ಕಮಾನು ಪಟ್ಟೆಯಾದರೆ ರಾಕ್‌ವೆಲ್ 56ರಿಂದ 58, ಬೇರಿಂಗ್ ಉಕ್ಕು ಇಎನ್ 31 ಆದರೆ 59ರಿಂದ 61, ಸ್ಟೇನ್‌ಲೆಸ್ 440ಸಿ ಆದರೆ 57ರಿಂದ 59. ಡಿ2 ಎಂಬುದನ್ನು ಸ್ಟೇನ್‌ಲೆಸ್ ಎಂದು ಮಾರಿದರೆ ಒಪ್ಪಬೇಡಿ, ಅದು ತಡವಾಗಿ ತುಕ್ಕು ಹಿಡಿಯುತ್ತದೆ ಅಷ್ಟೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಸಲ ಮತ್ತೆ ಕಾಯಿಸಿ ಹದ ಇಳಿಸಿದ್ದಾರೆಯೇ ಎಂದೂ ಕೇಳಿ. ಅದ್ದಿ ಅಲ್ಲಿಗೇ ಬಿಟ್ಟ ಅಲಗು ಗಾಜಿನಂತೆ ಚಕ್ಕೆ ಏಳುತ್ತದೆ.

ಮಾತು ನಂಬುವುದಕ್ಕಿಂತ ಹಿತ್ತಾಳೆ ಕಡ್ಡಿ ನಂಬುವುದು ಮೇಲು. ಕಡ್ಡಿಯನ್ನು ವೈಸ್‌ನಲ್ಲಿ ಅಡ್ಡಲಾಗಿ ಕಚ್ಚಿಸಿ, ಹಿಂದೆ ದೀಪವಿಟ್ಟುಕೊಳ್ಳಿ. ಅಲಗನ್ನು ಸಾಣೆ ಹಿಡಿಯುವ ಕೋನದಲ್ಲೇ ಕಡ್ಡಿಯ ಮೇಲೆ ಮಲಗಿಸಿ ಹಗುರವಾಗಿ ಒತ್ತುತ್ತಾ ಬುಡದಿಂದ ಮೊನೆಗೆ ಎಳೆಯಿರಿ. ಬಾಯಿ ಕೂದಲೆಳೆಯಷ್ಟು ಮಣಿದು ಮತ್ತೆ ನೇರವಾದರೆ ಹದ ಸರಿ. ಮಣಿದದ್ದು ಹಾಗೇ ಉಳಿದರೆ ಮೆದು. ಚಕ್ಕೆ ಎದ್ದರೆ ಅತಿ ಗಡಸು. ಮೊನೆಯ ಕಡೆಯ ಕೊನೆ ಒಂದಿಂಚನ್ನು ತಪ್ಪಿಸಬೇಡಿ. ಸಾಣೆ ಹಿಡಿಯುವಾಗ ತೆಳುವಾದ ಮೊನೆ ಬೇಗ ಕಾಯುತ್ತದೆ, ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿನ ಹದ ಹೋಯಿತು. ಆ ನೀಲಿಯನ್ನು ಪಾಲಿಶ್ ಅಳಿಸಿಬಿಡುತ್ತದೆ, ಮೆದುತನವನ್ನು ಅಳಿಸಲಾರದು. ಈ ಪರೀಕ್ಷೆಯನ್ನು ಮಾಡಿದವರ ಎದುರಿಗೇ, ಹೇಳಿಯೇ ಮಾಡಿ. ಕಸುಬು ಗೊತ್ತಿರುವವರು ಬೇಡ ಎನ್ನುವುದಿಲ್ಲ.

ಅಲಗಿನ ಮೇಲೆ ಅಲೆಯ ಚಿತ್ತಾರವಿದ್ದರೆ ಒಂದು ಮಾತು. ದಕ್ಷಿಣ ಭಾರತದ ಹಳೆಯ ಮೂಸೆ ಉಕ್ಕಿಗಿರುವ ಇಂಗ್ಲಿಷಿನ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಉಕ್ಕು ತಯಾರಿಸುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ಡಮಾಸ್ಕಸ್ ಎಂದು ಮಾರುವುದು ಅದಲ್ಲ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ತೆಗೆದದ್ದು. ಅದೂ ಒಳ್ಳೆಯ ಕೆಲಸವೇ, ಆದರೆ ‘ಹಳೇ ಮೈಸೂರು ಉಕ್ಕು’ ಎಂಬ ಹೆಸರಿಗೆ ಹೆಚ್ಚು ಹಣ ಕೊಡಬೇಡಿ. ಚಿತ್ತಾರ ಬದಿಯಿಂದ ಬೆನ್ನಿನ ಮೇಲೂ ಮುಂದುವರಿದಿರಬೇಕು. ಬೆನ್ನು ಬೋಳಾಗಿದ್ದರೆ ಅದು ಮೇಲ್ಮೈಗೆ ಬರೆದ ಚಿತ್ತಾರ. ಬಾಯಿಯ ಉದ್ದಕ್ಕೂ ಭೂತಗನ್ನಡಿ ಹಿಡಿದು ಪದರ ಬಿಟ್ಟ ಕಪ್ಪು ಗೀರಿದೆಯೇ ನೋಡಿ. ಬೆಸುಗೆ ಕೂಡದ ಜಾಗ ಅದು, ಮುಂದೆ ಸೀಳುತ್ತದೆ.

ಕೊಯ್ದು ನೋಡಲು ಮೈಸೂರಿನ ವೀಳ್ಯದೆಲೆಗಿಂತ ಬೇರೆ ಬೇಡ. ಎಲೆಯನ್ನು ಗಾಳಿಯಲ್ಲಿ ಹಿಡಿದು ತೊಟ್ಟಿನಿಂದ ತುದಿಗೆ ಸೀಳಿ. ಎಲೆ ಎಳೆದುಕೊಂಡು ಹರಿದರೆ ಹರಿತ ಅಲ್ಲಿ ಕೆಟ್ಟಿದೆ. ಆಮೇಲೆ ಹೆಬ್ಬೆರಳು ಗಾತ್ರದ ತೆಂಗಿನ ನಾರಿನ ಹಗ್ಗವನ್ನು ಮರದ ಮೇಲಿಟ್ಟು 30 ಸಲ ಕತ್ತರಿಸಿ, ಮತ್ತೆ ಎಲೆ ಸೀಳಿ. ಸ್ವಲ್ಪ ಮೊಂಡಾಗುವುದು ಸಹಜ. ಎಲೆಯನ್ನು ಹಿಡಿಯದಷ್ಟು ಮೊಂಡಾದರೆ ಹದದ ಬಗ್ಗೆ ಮತ್ತೆ ಮಾತಾಡಬೇಕು. ಕಬ್ಬಿನ ಸಿಪ್ಪೆ ಹೆರೆಯಬಹುದು, ಗಿಣ್ಣು ಕಡಿಯುವುದು ಮಚ್ಚಿನ ಕೆಲಸ. ಅಡಕೆಗೆ ಅಡಕತ್ತರಿ ಇದೆ, ಮಡಚು ಚಾಕು ತಿರುಚಿ ಅಡಕೆ ಒಡೆದರೆ ಕೀಲು ಹೋಗುತ್ತದೆ.

ಹಿಡಿಯನ್ನು ಎರಡು ನಿಮಿಷ ಬಿಗಿಯಾಗಿ ಹಿಡಿದು ಬಿಡಿ, ಅಂಗೈಯಲ್ಲಿ ಕೆಂಪು ಗೆರೆ ಎದ್ದ ಕಡೆ ಅಂಚು ಉಜ್ಜಿಸಬೇಕು. ಮರ ಚೆನ್ನಾಗಿ ಒಣಗಿಲ್ಲದಿದ್ದರೆ ಫೆಬ್ರವರಿಯಿಂದ ಮೇ ತನಕದ ಬಿಸಿಲಿಗೆ ಕುಗ್ಗಿ ಮೊಳೆಗಳ ತಲೆ ಎದ್ದು ಬರುತ್ತವೆ. ಮರ ಎಷ್ಟು ಹಳೆಯದು ಎಂದು ಕೇಳಿ. ಜಿಂಕೆ, ಕಡವೆ ಕೊಂಬಿನ ಹಿಡಿ ಬೇಡವೇ ಬೇಡ. ಕಾಡಿನಲ್ಲಿ ತಾನಾಗಿ ಉದುರಿದ್ದು ಎಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಮಾರಾಟಕ್ಕೆ ಬಿಡುವುದಿಲ್ಲ. ಎಮ್ಮೆ ಕೊಂಬು ಅಷ್ಟೇ ಚೆಂದ.

ಒಳಭಾಗದಲ್ಲಿ ಅರದ ಗೀರು, ಎರಡು ಬದಿಯ ಮೊಳೆಗಳಲ್ಲಿ ಕೂದಲೆಳೆ ವ್ಯತ್ಯಾಸ, ಇವು ಕೈಕೆಲಸದಲ್ಲಿ ಇದ್ದೇ ಇರುತ್ತವೆ. ಇವುಗಳಿಗೆ ಬೆಲೆ ಇಳಿಸಲು ಹೋಗಬೇಡಿ. ಮೇಲೆ ಕೆಳಗಿನ ಅಲ್ಲಾಟ, ಜಾರುವ ಲಾಕ್, ಮೆದು ಮೊನೆ, ಸಂದಿನಲ್ಲಿ ತಾಗುವ ಬಾಯಿ, ಈ ನಾಲ್ಕರಲ್ಲಿ ಒಂದಿದ್ದರೂ ಬಾಕಿ ಹಣ ತಡೆದು, ಸರಿಮಾಡಿಸಿಕೊಳ್ಳಿ.

ಮನೆಗೆ ತಂದ ಮೇಲೆ ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಹಣ್ಣು ಕೊಯ್ಯುವ ಚಾಕುವಾದರೆ ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ, ಇಲ್ಲದಿದ್ದರೆ ಹೊಲಿಗೆ ಮಷಿನ್ ಎಣ್ಣೆ. ಆಯುಧಪೂಜೆಗೆ ಇಟ್ಟರೆ ಅರಿಶಿನ ಕುಂಕುಮವನ್ನು ಹಿಡಿಗೆ ಹಚ್ಚಿ, ಅಲಗಿಗೆ ಬೇಡ. ನಿಂಬೆಹಣ್ಣು ಕೊಯ್ದ ರಸ ಒಂದು ರಾತ್ರಿ ಕಾರ್ಬನ್ ಉಕ್ಕಿನ ಮೇಲೆ ಉಳಿದರೆ ಬೆಳಗ್ಗೆ ಬೂದು ಕಲೆ, ಕುಂಕುಮ ಒದ್ದೆಯಾಗಿ ಅಂಟಿದ್ದರೆ ಅದರ ಅಡಿಯಲ್ಲಿ ತುಕ್ಕಿನ ಗುಳಿ. ಪೂಜೆಯ ದಿನ ಸಂಜೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಸವರಿ ಮಡಚಿಡಿ.