ಸ್ಕ್ವಿಡ್ ಪ್ರಾಕ್ಸಿಯಲ್ಲಿ ವೈರಸ್ ತಪಾಸಣೆ: ಮೊದಲು ರ‍್ಯಾಮ್ ನೋಡ್ಕೊಳ್ರಿ

ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ ಆಫೀಸಿನ್ಯಾಗ ಹಳೇ ಪಿಸಿಗೆ ಸ್ಕ್ವಿಡ್ ಹಾಕಿ ಪ್ರಾಕ್ಸಿ (ಎಲ್ಲಾ ಪಿಸಿಗಳ ನೆಟ್ ಹಾದುಹೋಗೋ ನಡುವಿನ ಪಿಸಿ) ಮಾಡ್ಕೊಂಡೋರು ಗಮನಿಸ್ರಿ. ಸ್ಕ್ವಿಡ್ ತಾನಾಗಿ ವೈರಸ್ ಹುಡುಕಂಗಿಲ್ಲ. ಫೈಲನ್ನ 1344 ಪೋರ್ಟಿನ ಮೂಲಕ ಸಿ-ಐಕ್ಯಾಪ್ ಅನ್ನೋ ತಪಾಸಣೆ ಸರ್ವರ್‌ಗೆ ಕೊಡ್ತದ, ಅಲ್ಲಿಂದ ಸ್ಕ್ವಿಡ್‌ಕ್ಲ್ಯಾಮ್‌ಎವಿ ಅನ್ನೋ ಜೋಡಣೆ ಅದನ್ನ ಕ್ಲ್ಯಾಮ್‌ಡಿಗೆ (ವೈರಸ್ ಹುಡುಕೋ ಪ್ರೋಗ್ರಾಂ) ದಾಟಿಸ್ತದ.

ಬಹಳ ಮಂದಿಗೆ ತೊಂದರೆ ಆಗೋದು ಈ ಕ್ಲ್ಯಾಮ್‌ಡಿಯಿಂದ. ವೈರಸ್ ಡೇಟಾಬೇಸ್ ಒಂದೇ ಸುಮಾರು 1 ಜಿಬಿ ರ‍್ಯಾಮ್ ತಿಂತದ. ಡೇಟಾಬೇಸ್ ಹೊಸದು ಮಾಡೋ ಫ್ರೆಶ್‌ಕ್ಲ್ಯಾಮ್ ಅಪ್‌ಡೇಟ್ ತಂದಾಗ ಹಳೇದು ಇಟ್ಕೊಂಡೇ ಹೊಸದನ್ನ ಲೋಡ್ ಮಾಡೋದ್ರಿಂದ ಆ ಹೊತ್ತಿಗೆ ಎರಡರಷ್ಟು ಬೇಕು. 2 ಜಿಬಿ ಪಿಸಿ ಆದ್ರ ಲಿನಕ್ಸ್ ಕರ್ನಲ್ಲೇ ಕ್ಲ್ಯಾಮ್‌ಡಿಯನ್ನ ಕೊಂದುಬಿಡ್ತದ. 4 ಜಿಬಿ ಹಾಕಿಸ್ರಿ. ಆಗದಿದ್ರ ಕ್ಲ್ಯಾಮ್‌ಡಿ ಕಾನ್ಫಿಗ್‌ನ್ಯಾಗ ಕಾನ್‌ಕರೆಂಟ್ ಡೇಟಾಬೇಸ್ ರೀಲೋಡ್ ‘ನೋ’ ಮಾಡ್ರಿ, ಅಪ್‌ಡೇಟ್ ಹೊತ್ತಿಗೆ ತಪಾಸಣೆ ಸ್ವಲ್ಪ ತಡ ಆಗ್ತದ ಅಷ್ಟೇ.

ಸ್ಕ್ವಿಡ್ ಕಾನ್ಫಿಗ್‌ನ ಐಕ್ಯಾಪ್ ಸಾಲಿನ್ಯಾಗ ಬೈಪಾಸ್ ಆನ್ ಇದ್ರ, ಸಿ-ಐಕ್ಯಾಪ್ ಬಿದ್ದರೂ ನೆಟ್ ನಡೀತದ, ತಪಾಸಣೆ ನಿಂತದ್ದು ಯಾರಿಗೂ ಗೊತ್ತಾಗಂಗಿಲ್ಲ. ದಯವಿಟ್ಟು ಆಫ್ ಇಡ್ರಿ.

ಎಸ್‌ಎಸ್‌ಎಲ್ ಬಂಪ್ (ಗುಪ್ತ ಸಂಪರ್ಕವನ್ನ ಪ್ರಾಕ್ಸಿಯೇ ಬಿಚ್ಚಿ ನೋಡೋದು) ಇಲ್ಲದ ಎಚ್‌ಟಿಟಿಪಿಎಸ್ ಫೈಲ್ ಪ್ರಾಕ್ಸಿಗೆ ಕಾಣಂಗಿಲ್ಲ. ಬಂಪ್ ಮಾಡೋದಾದ್ರ ನಿಮ್ಮ ಪ್ರಾಕ್ಸಿಯ ಸಿಎ (ಸರ್ಟಿಫಿಕೇಟ್ ಅಥಾರಿಟಿ) ಸರ್ಟಿಫಿಕೇಟ್ ಪ್ರತಿ ಪಿಸಿಗೂ ಹಾಕ್ರಿ, ಬ್ಯಾಂಕ್ ಸೈಟುಗಳನ್ನ ಸ್ಪ್ಲೈಸ್ ಮಾಡಿ (ಬಿಚ್ಚದೇ ಹಾಗೇ ದಾಟಿಸಿ) ಬಿಡ್ರಿ.

ಪರೀಕ್ಷೆಗೆ 68 ಬೈಟಿನ ಐಕಾರ್ ಫೈಲನ್ನ (ಅಪಾಯ ಇಲ್ಲದ ಪರೀಕ್ಷಾ ‘ವೈರಸ್’) ಬೇರೆ ಪಿಸಿಯ ಎಚ್‌ಟಿಟಿಪಿ ಸರ್ವರ್‌ನ್ಯಾಗ ಇಟ್ಟು ಪ್ರಾಕ್ಸಿ ಮೂಲಕ ಇಳಿಸ್ರಿ, ಪ್ರಾಕ್ಸಿ ಅದನ್ನ ತಡೀಬೇಕು. ಜಿಪ್ ಮಾಡಿ ಮತ್ತೊಮ್ಮೆ ನೋಡ್ರಿ.