ಎಂಒ-4 ಭತ್ತದ ಮೊಳಕೆಯಲ್ಲಿ ಡಿಎನ್‌ಎ ಮೀಥೈಲೇಶನ್ ತಗ್ಗಿಸಿ ನೋಡುವ ಬಗೆ

ಡಿಎನ್‌ಎಯ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟುವುದೇ ಮೀಥೈಲೇಶನ್. ಮಂಗಳೂರು, ಉಡುಪಿಯ ಲ್ಯಾಬುಗಳಲ್ಲಿ ಗಿಡದ ಮೀಥೈಲೇಶನ್ ಪ್ರಾಜೆಕ್ಟ್ ಮಾಡಲು ಲ್ಯಾಬುಗಳ ಮಾದರಿ ಗಿಡ ಅರಾಬಿಡಾಪ್ಸಿಸ್‌ನ ಬೀಜವೇ ಬೇಕೆಂದಿಲ್ಲ. ನಮ್ಮ ಬೈಲುಗದ್ದೆಗಳ ಎಂಒ-4 ಭತ್ತದ ತಳಿ ಸಾಕು. ಭತ್ತದ ಜೀನೋಮ್ (ಇಡೀ ಡಿಎನ್‌ಎ ಅಕ್ಷರಮಾಲೆ) ಪೂರ್ತಿ ಲಭ್ಯವಿರುವುದರಿಂದ ಪ್ರೈಮರ್ (ಬೇಕಾದ ಭಾಗದ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು) ಬರೆಯುವುದೂ ಸುಲಭ.

ಮೀಥೈಲೇಶನ್ ತಗ್ಗಿಸುವ ಔಷಧಿಗಳಾದ ಜೆಬುಲರಿನ್ ಮತ್ತು 5-ಅಜಾಸೈಟಿಡಿನ್ ಎರಡೂ ಡಿಎನ್‌ಎಯ ‘ಸಿ’ ಅಕ್ಷರಕ್ಕೆ ಸಂಬಂಧಿಸಿದ ಸೈಟಿಡಿನ್ ಅನ್ನೇ ಹೋಲುತ್ತವೆ. ಡಿಎನ್‌ಎ ನಕಲಾಗುವಾಗ ಎಳೆಯೊಳಗೆ ಸೇರಿಕೊಳ್ಳುತ್ತವೆ. ಮೀಥೈಲ್ ಅಂಟಿಸಲು ಬಂದ ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ. ಅಂದರೆ ಕೋಶ ವಿಭಜನೆ ಆಗದಲ್ಲಿ ಇವು ಕೆಲಸ ಮಾಡುವುದಿಲ್ಲ. ಬಲಿತ ಎಲೆಗೆ ಸಿಂಪಡಿಸಿ ‘ಏನೂ ಆಗಲಿಲ್ಲ’ ಎನ್ನುವವರು ತಪ್ಪುವುದು ಇಲ್ಲಿಯೇ. 5-ಅಜಾಸೈಟಿಡಿನ್ ನೀರಿನಲ್ಲಿ ಬೇಗ ಒಡೆಯುತ್ತದೆ, ದಿನವೂ ಹೊಸದಾಗಿ ಕಲಸಬೇಕು. ಜೆಬುಲರಿನ್ ಅಷ್ಟು ಬೇಗ ಒಡೆಯುವುದಿಲ್ಲ. ಮೊದಲ ಸಲ ಮಾಡುವವರು ಅದನ್ನೇ ಹಿಡಿಯಲಿ.

ಜೂನ್, ಜುಲೈಯಲ್ಲಿ ಫ್ರೀಜರಿನಿಂದ ತೆಗೆದ ಜೆಬುಲರಿನ್ ಸೀಸೆಯ ಮೈಮೇಲೆ ನಿಮಿಷದೊಳಗೆ ನೀರಿನ ಹನಿ ಕೂರುತ್ತದೆ. ಆಗಲೇ ಮುಚ್ಚಳ ತೆರೆದರೆ ಆ ತೇವ ಪುಡಿಗೂ ಸೇರುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿ (ತೇವ ಸೇರದಂತೆ ಮುಚ್ಚಿಡುವ ಪಾತ್ರೆ) ಅರ್ಧ ಗಂಟೆ ಇಟ್ಟು, ತಂಪು ಬಿಟ್ಟ ಮೇಲೆ ತೆರೆಯಿರಿ. 5 ಮಿ.ಗ್ರಾಂ ಜೆಬುಲರಿನ್‌ಗೆ 438 ಮೈಕ್ರೋಲೀಟರ್ ಡಿಎಂಎಸ್‌ಒ (ಔಷಧಿ ಕರಗಿಸುವ ದ್ರವ) ಹಾಕಿದರೆ 50 ಮಿಲಿಮೋಲಾರ್ ಸ್ಟಾಕ್, ಅಂದರೆ ಮುಂದೆ ತೆಳುಮಾಡಿ ಬಳಸುವ ಗಾಢ ದ್ರಾವಣ. 20 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 20 ಡಿಗ್ರಿಯಲ್ಲಿಡಿ. ಡಿಎಂಎಸ್‌ಒ ಸುಮಾರು 18 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿಯೇ ಪಿಪೆಟ್ ಹಾಕಿ.

ಭತ್ತದ ಹೊಟ್ಟು ಕೈಯಲ್ಲೇ ಸುಲಿಯಿರಿ. ಮಿಲ್ಲಿನದು ಬೇಡ, ಭ್ರೂಣ ಮುರಿದಿರುತ್ತದೆ. ಶೇ 70 ಎಥನಾಲ್‌ನಲ್ಲಿ 1 ನಿಮಿಷ, ಒಂದು ಹನಿ ಟ್ವೀನ್-20 ಬೆರೆಸಿದ ಶೇ 2 ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 20 ನಿಮಿಷ, ಬಳಿಕ ಸ್ಟೆರೈಲ್ ನೀರಿನಲ್ಲಿ ಐದು ತೊಳೆತ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಅವಸರಿಸಿದರೆ ಮೂರನೇ ದಿನ ಪೆಟ್ರಿ ತುಂಬ ಬೂಷ್ಟು. 28 ಡಿಗ್ರಿಯಲ್ಲಿ ನೆನೆಹಾಕಿ, ಬೇರು 1–2 ಮಿ.ಮೀ. ಇಣುಕಿದ ಬೀಜಗಳನ್ನು ಮಾತ್ರ ಆರಿಸಿ.

ಫಿಲ್ಟರ್ ಕಾಗದ ಹಾಸಿದ 90 ಮಿ.ಮೀ. ಪೆಟ್ರಿಗೆ 25 ಬೀಜ, 10 ಮಿ.ಲೀ. ದ್ರಾವಣ. 25, 50, 100 ಮೈಕ್ರೋಮೋಲಾರ್‌ಗೆ ಕ್ರಮವಾಗಿ 5, 10, 20 ಮೈಕ್ರೋಲೀಟರ್ ಸ್ಟಾಕ್. ಕಡಿಮೆ ಬಿದ್ದಲ್ಲಿ ಬರಿ ಡಿಎಂಎಸ್‌ಒ ಸೇರಿಸಿ ಒಟ್ಟು 20ಕ್ಕೆ ತನ್ನಿ. ಕಂಟ್ರೋಲ್ ಪೆಟ್ರಿಗೂ 20 ಮೈಕ್ರೋಲೀಟರ್ ಡಿಎಂಎಸ್‌ಒ. ಬರೀ ನೀರಿನ ಕಂಟ್ರೋಲ್ ಒಂದನ್ನೇ ಇಟ್ಟರೆ ಡಿಎಂಎಸ್‌ಒದ ಪರಿಣಾಮವನ್ನೂ ಔಷಧಿಯ ಲೆಕ್ಕಕ್ಕೆ ಬರೆದಂತಾಗುತ್ತದೆ. ಪ್ರತಿ ಡೋಸಿಗೆ ಮೂರು ಪೆಟ್ರಿ, 3 ದಿನ, ಕತ್ತಲಲ್ಲಿ.

ನಂತರ ಚಿಗುರಿನ ಬುಡದ 1 ಸೆಂ.ಮೀ. ಕತ್ತರಿಸಿ ಸಿಟ್ಯಾಬ್ ಎಂಬ ಡಿಟರ್ಜೆಂಟ್ ಬಳಸುವ ವಿಧಾನದಲ್ಲಿ ಡಿಎನ್‌ಎ ತೆಗೆಯಿರಿ. 200 ನ್ಯಾನೋಗ್ರಾಂ ಡಿಎನ್‌ಎಗೆ 10 ಯೂನಿಟ್ ಎಚ್‌ಪಿಎ-2 ಕಿಣ್ವ, 37 ಡಿಗ್ರಿ, ಇಡೀ ರಾತ್ರಿ. ಪಕ್ಕದಲ್ಲೇ ಕಿಣ್ವ ಹಾಕದ ಜೋಡಿ ಟ್ಯೂಬು. ಈ ಕಿಣ್ವ ಡಿಎನ್‌ಎಯಲ್ಲಿ ಸಿಸಿಜಿಜಿ ಅಕ್ಷರಗಳಿರುವ ತಾಣವನ್ನು ಕತ್ತರಿಸುತ್ತದೆ, ಅಲ್ಲಿ ಮೀಥೈಲ್ ಇದ್ದರೆ ಬಿಡುತ್ತದೆ. ತಾಣವನ್ನು ದಾಟುವ ಪ್ರೈಮರಿನಿಂದ ಕ್ಯೂಪಿಸಿಆರ್ (ಡಿಎನ್‌ಎ ನಕಲಿಸುತ್ತಾ ಅದರ ಪ್ರಮಾಣ ಅಳೆಯುವ ವಿಧಾನ) ಮಾಡಿದಾಗ, ಸಿಗ್ನಲ್ ಕಾಣಿಸಲು ಬೇಕಾದ ಸುತ್ತುಗಳ ಸಂಖ್ಯೆಯಾದ ಸಿಟಿ ಜೋಡಿ ಟ್ಯೂಬಿಗಿಂತ 1 ಏರಿದರೆ ಸುಮಾರು ಅರ್ಧ ಪ್ರತಿಗಳು ತುಂಡಾಗಿವೆ, ಅಂದರೆ ಅವುಗಳಲ್ಲಿ ಮೀಥೈಲ್ ಇರಲಿಲ್ಲ ಎಂದರ್ಥ. ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಒಂದು ಸಿಸಿಜಿಜಿ ತಾಣವನ್ನೂ ಓಡಿಸಿ. ಅಲ್ಲಿ ಮೀಥೈಲ್ ಸಾಮಾನ್ಯವಾಗಿ ಇಲ್ಲದಿರುವುದರಿಂದ ಅದು ಪೂರ್ತಿ ತುಂಡಾಗಿರಬೇಕು. ತುಂಡಾಗಿಲ್ಲವಾದರೆ ನಿಮ್ಮ ಡಿಎನ್‌ಎ ಶುದ್ಧವಿಲ್ಲ ಇಲ್ಲವೇ ಕಿಣ್ವ ಕೆಲಸ ಮಾಡಿಲ್ಲ, ಉಳಿದ ಅಂಕಿಗಳನ್ನೂ ನಂಬಬೇಡಿ.

ಸಸಿ ಗಿಡ್ಡವಾದ ಮಾತ್ರಕ್ಕೆ ಮೀಥೈಲೇಶನ್ ಇಳಿಯಿತೆಂದು ಬರೆಯಬಾರದು. ಈ ಔಷಧಿಗಳು ಡಿಎನ್‌ಎಗೆ ಗಾಯವನ್ನೂ ಮಾಡುತ್ತವೆ, ಆ ಗಾಯಕ್ಕೂ ಬೆಳವಣಿಗೆ ನಿಲ್ಲುತ್ತದೆ. ಅಳೆದ ಮೀಥೈಲ್ ಇಳಿದು ಉದ್ದ ಹೆಚ್ಚು ಕುಗ್ಗದ ಡೋಸೇ ಪ್ರಯೋಗಕ್ಕೆ ಸರಿಯಾದದ್ದು. ಕೆಲವು ಸಸಿಗಳನ್ನು ಬರೀ ನೀರಿಗೆ ಬದಲಿಸಿ 7 ದಿನದ ಬಳಿಕ ಮತ್ತೆ ಅಳೆಯಿರಿ. ಇಳಿದ ಮೀಥೈಲ್ ಬಹಳಷ್ಟು ಸಲ ಮರಳುತ್ತದೆ. ಆದರೆ 1990ರ ಜಪಾನಿನ ಪ್ರಯೋಗವೊಂದರಲ್ಲಿ ಭತ್ತಕ್ಕೆ ಒಮ್ಮೆ ಕೊಟ್ಟ 5-ಅಜಾಸೈಟಿಡಿನ್‌ನಿಂದ ಬಂದ ಗಿಡ್ಡತನ ಮುಂದಿನ ಪೀಳಿಗೆಗೂ ಇಳಿದಿತ್ತು. ಸಾಧ್ಯವಾದರೆ ಕುಂಡದಲ್ಲಿ ತೆನೆವರೆಗೆ ಬೆಳೆಸಿ, ಕಾಳು ಉಳಿಸಿಕೊಳ್ಳಿ.

ಡಿಎಂಎಸ್‌ಒ ಚರ್ಮದ ಮೂಲಕ ಔಷಧಿಯನ್ನೂ ಒಳಗೆಳೆಯುತ್ತದೆ. ಎರಡು ಪದರ ನೈಟ್ರೈಲ್ ಗ್ಲೌಸ್ ಹಾಕಿ, ಪುಡಿಯನ್ನು ಹುಡ್ ಒಳಗೇ ತೂಗಿ. ಉಳಿದ ದ್ರಾವಣ, ಫಿಲ್ಟರ್ ಕಾಗದ, ಬೇಡದ ಸಸಿ ಯಾವುದೂ ಸಿಂಕಿಗೆ ಹೋಗಬಾರದು. ಮುಚ್ಚಳದ ಡಬ್ಬದಲ್ಲಿ ಹೆಸರು ಬರೆದಿಟ್ಟು ಅಪಾಯಕಾರಿ ತ್ಯಾಜ್ಯ ಸುಡುವವರಿಗೆ ಒಪ್ಪಿಸಿ.